ನಾಳೆ ನಿನ್ನದೇ ಸಾಕ್ಷಿ

"ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ಬೆಳಗಿನಿಂದ ಎಷ್ಟನೆಯ ಸಲ ಕೇಳಿದಳೋ ಅವಳಿಗೇ ನೆನಪಿರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕೂತ ಮುದುಕ, ಮೂಗಿನ ಮೇಲೆ ತಪಾಸಣೆಯ ದಪ್ಪ ಫ್ರೇಮು ಹೊತ್ತುಕೊಂಡು, ಗೋಡೆಯ ಅಕ್ಷರಗಳನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತ, "ಎರಡೂ ಒಂದೇ ಥರ ಅಲ್ವೇನಮ್ಮ?" ಎಂದ. ಒಂದೇ ಥರ ಅಲ್ಲ, ಕಾಲು ನಂಬರಿನ ವ್ಯತ್ಯಾಸವಿದೆ. ಆದರೆ ಅದನ್ನು ಅವಳು ಹೇಳಿಕೊಡುವ ಹಾಗಿಲ್ಲ, ಅವನ ಕಣ್ಣೇ ಹೇಳಬೇಕು. ಈ ಕನ್ನಡಕದ ಅಂಗಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಹತ್ತು ವರ್ಷ ನಿಂತು ಅವಳು ಕಲಿತದ್ದು ಇಷ್ಟೇ: ಜನ ತಮಗೆ ಕಂಡದ್ದನ್ನು ಹೇಳುವುದಿಲ್ಲ, ಕೇಳುವವರಿಗೆ ಖುಷಿಯಾಗುವುದನ್ನು ಹೇಳುತ್ತಾರೆ. ಒಂದು ಗಾಜು ತೆಗೆದು ಇನ್ನೊಂದು ಕೂರಿಸಿದಳು. "ಮೊದಲಿಗಿಂತ ಈಗ ಹೇಗಿದೆ?" ಕೇಳಿದ ಕೂಡಲೇ ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂತು. ಏಳು ತಿಂಗಳಿಂದ ಇದೇ ಪ್ರಶ್ನೆಯನ್ನು ಅವಳ ಕ್ರೈಸ್ತ ಸಭೆಯವರು ಗೇಟಿನಲ್ಲಿ, ಮೆಟ್ಟಿಲ ಮೇಲೆ, ಚಹಾದ ಲೋಟಗಳ ಮೇಜಿನ ಪಕ್ಕದಲ್ಲಿ ಅವಳಿಗೆ ಕೇಳುತ್ತಿದ್ದರು. ಅವಳ ಕೈಯನ್ನು ತಮ್ಮ ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಚಳಿಗೆ ಸಿಕ್ಕ ಹಕ್ಕಿಮರಿಯನ್ನು ಬೆಚ್ಚಗೆ ಮಾಡುವವರ ಹಾಗೆ ಒತ್ತುತ್ತ, "ಮೊದಲಿಗಿಂತ ಈಗ ಹೇಗಿದೀಯಮ್ಮಾ?" ಎನ್ನುತ್ತಿದ್ದರು. ಅವಳು ಈ ಮುದುಕನ ಹಾಗೇ, "ಪರವಾಗಿಲ್ಲ" ಎನ್ನುತ್ತಿದ್ದಳು. ಕೈ ಬಿಡಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ. "ಈಗ ಪರವಾಗಿಲ್ಲಮ್ಮ," ಎಂದ ಮುದುಕ. "ಪರವಾಗಿಲ್ಲ ಅಂದ್ರೆ ಆಗಲ್ಲ ತಾತ, ಕಾಣುತ್ತೋ ಇಲ್ವೋ ಹೇಳಿ," ಎಂದು ಅವಳು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದಳು. ಹೊರಗೆ ಗಲ್ಲಾದಲ್ಲಿದ್ದ ಮಾಲೀಕ ಕುತ್ತಿಗೆ ಉದ್ದ ಮಾಡಿ ಪರದೆಯ ಸಂದಿಯಿಂದ ನೋಡಿದ. ಏಳು ತಿಂಗಳಿಂದ ಅವನೂ ಅವಳಿಗೆ ಏನೂ ಅಂದಿಲ್ಲ, ಆ ಸುಮ್ಮನಿರುವಿಕೆಯೂ ಒಂದು ಥರ ಬೈಗುಳವೇ.

ಮುದುಕ ಇಳಿದು ಹೋಗುತ್ತಿದ್ದ ಹಾಗೇ ಅವನ ಕುರ್ಚಿಗೆ ಬಂದು ಕೂತವರು ಪಾಸ್ಟರಮ್ಮ, ಸಭೆಯ ಪಾಸ್ಟರ ಹೆಂಡತಿ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ಬಿಳಿ ದಾರ ಸುತ್ತಿ ಕಿವಿಗೆ ಸಿಕ್ಕಿಸಿಕೊಂಡಿದ್ದರು. "ಇದನ್ನ ನೆಪ ಮಾಡ್ಕೊಂಡು ಬಂದೆ ಅಂದ್ಕೋ," ಎಂದು ನಕ್ಕರು. ಪಾಸ್ಟರಮ್ಮ ಕೆಟ್ಟವರಲ್ಲ. ಅವಳನ್ನು ಸಿಟ್ಟಿಗೆಬ್ಬಿಸುತ್ತಿದ್ದದ್ದು ಅದೇ. ಕೆಟ್ಟವರಾಗಿದ್ದರೆ ಒಂದು ಮಾತು ಆಡಿ ಮುಗಿಸಬಹುದಿತ್ತು. "ನಾಳೆ ನಿನ್ನದೇ ಸಾಕ್ಷಿ. ಹೆಸರು ಹಾಕಿಸಿಬಿಟ್ಟಿದೀನಿ."

"ನನ್ನನ್ನ ಕೇಳದೇನಾ?"

"ಕೇಳಿದ್ರೆ ಬೇಡ ಅಂತೀಯ ಅಂತಲೇ ಕೇಳಲಿಲ್ಲ. ಎರಡೇ ಮಾತು ಸಾಕಮ್ಮಾ. ದೇವರು ಹೇಗೆ ಆದರಿಸಿ ಸಮಾಧಾನ ಮಾಡಿದ, ಹೇಗೆ ಬಲ ಕೊಟ್ಟ, ಅಷ್ಟೇ. ಹೇಳಿಬಿಟ್ರೆ ನಿನ್ನ ಹೆಸರನ್ನ ಪಟ್ಟಿಯಿಂದ ತೆಗೀಬಹುದು. ಏಳು ತಿಂಗಳಾಯ್ತಲ್ಲ. ಎಲ್ಲರೂ ಐದಾರು ತಿಂಗಳಿಗೆ ಎದ್ದು ನಿಲ್ತಾರೆ."

"ಆದರಿಸದೇ ಇದ್ರೆ?" ಎಂದು ಕೇಳಬೇಕೆಂದುಕೊಂಡಳು. ಬಾಯಿಂದ ಬಂದದ್ದು, "ಕಡ್ಡಿ ಹೊಸದೇ ಹಾಕಬೇಕಾಗುತ್ತೆ, ಇದು ಬೆಸುಗೆ ಹಿಡಿಯಲ್ಲ" ಎಂಬ ಮಾತು.

ಪಟ್ಟಿಯೆಂದರೆ ಅವರ ಸಭೆಯಲ್ಲಿ ಭಾನುವಾರ ಪ್ರಸಂಗಕ್ಕೆ ಮೊದಲು ಓದುವ ಪ್ರಾರ್ಥನೆಯ ಪಟ್ಟಿ. ಓದುವವರು ಸಭೆಯ ಕಾರ್ಯದರ್ಶಿ, ಯಾವುದೋ ಕಚೇರಿಯಲ್ಲಿ ಮೂವತ್ತು ವರ್ಷ ಟೈಪ್ ಮಾಡಿ ನಿವೃತ್ತರಾದವರು. ಮಕ್ಕಳೆಲ್ಲ ಅವರನ್ನು ಪಟ್ಟಿ ಅಂಕಲ್ ಎಂದೇ ಕರೆಯುತ್ತಿದ್ದವು. ರೋಗಿಗಳು ಮೊದಲು, ಆಮೇಲೆ ಪರೀಕ್ಷೆ ಬರೆಯುವವರು, ಆಮೇಲೆ ಮಗುವಿಗಾಗಿ ಕಾದಿರುವವರು. ಹಿರಿಯರೊಬ್ಬರ ಮೊಣಕಾಲಿನ ಆಪರೇಷನ್‌ಗೂ ಯಾರದೋ ಮಗನ ಗಣಿತದ ಪರೀಕ್ಷೆಗೂ ಮಧ್ಯೆ, "ನಮ್ಮ ದುಃಖತಪ್ತ ಸಹೋದರಿ" ಎಂದು ಅವಳು ಬರುತ್ತಿದ್ದಳು. ಆ ಜಾಗ ಬಂದ ಕೂಡಲೇ ಮುಂದಿನ ಬೆಂಚಿನಲ್ಲಿ ಮೂರು ತಲೆಗಳು ಸ್ವಲ್ಪವೇ ತಿರುಗುತ್ತಿದ್ದವು, ಪೂರ್ತಿ ತಿರುಗಿದರೆ ಅಸಭ್ಯ ಎಂದು ಅರ್ಧಕ್ಕೇ ನಿಲ್ಲುತ್ತಿದ್ದವು. ಗಣಿತದ ಹುಡುಗ ಪಾಸಾಗಿ ಪಟ್ಟಿಯಿಂದ ಹೋದ. ಮೊಣಕಾಲಿನವರು ಕೋಲು ಬಿಟ್ಟು ನಡೆದು ಬಂದು ಸಾಕ್ಷಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಹೋದರು. ಅವಳೊಬ್ಬಳೇ ಫೇಲಾದವಳ ಹಾಗೆ ಉಳಿದಳು. ತನ್ನ ಹೆಸರು ಹೋಗಬೇಕೆಂಬ ಆಸೆ ಅವಳಿಗೂ ಇರಲಿಲ್ಲವೆಂದಲ್ಲ. ಎಷ್ಟು ಇತ್ತೆಂದರೆ ಪಾಸ್ಟರಮ್ಮ ಮೆಟ್ಟಿಲಿಳಿದು ರಸ್ತೆ ದಾಟುವುದರೊಳಗೆ ಅವಳು ನಂಬರು ಬರೆಯುವ ಚೀಟಿಯೊಂದನ್ನು ತಿರುಗಿಸಿ ಹಿಂಬದಿಯಲ್ಲಿ, "ಪ್ರಿಯ ಸಭೆಯವರೇ, ಕರ್ತನು ಕಷ್ಟಕಾಲದಲ್ಲಿ ನನ್ನನ್ನು ಕೈಬಿಡಲಿಲ್ಲ" ಎಂದು ಬರೆದಾಗಿತ್ತು. ಗಾಜು ಅರೆಯುವ ಯಂತ್ರದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು, ಯಾರದೋ ಎಡಗಣ್ಣಿನ ಗಾಜು ಅದರಲ್ಲಿ ಸುತ್ತುತ್ತಿತ್ತು. ಅಕ್ಷರ ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೇ ಹೇಸಿಗೆಯಾಯಿತು. ಗಂಡನಿಗೆ ಬರೆದುಕೊಟ್ಟಾಗಲೂ ಹೀಗೇ ಬಂದಿತ್ತು.

ಆಗ ಅವನು ಮಂಚದ ತುದಿಯಲ್ಲಿ ಕೂತು ಮೊಣಕೈಯ ತರಚುಗಾಯಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಅವಳ ಗಂಡ ಲಿಫ್ಟ್ ರಿಪೇರಿಯವನು. ಆರನೆಯ ಮಹಡಿಯಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಗ ಅದು ಒಂದು ಮಹಡಿಯಷ್ಟು ಕೆಳಗೆ ಜಾರಿ, ಸೇಫ್ಟಿ ಬ್ರೇಕು ಕಚ್ಚಿಕೊಂಡು ನಿಂತಿತ್ತು. ಮನೆಗೆ ಬಂದು ಅದನ್ನು ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದ್ದ. ಕೇಳಿದ್ದೇ ಅವಳು, "ಭಾನುವಾರ ಸಾಕ್ಷಿ ಹೇಳಲೇಬೇಕು ನೀವು" ಎಂದು ಹಿಡಿದು ಕೂತಳು. "ಏನಂತ ಹೇಳ್ಲಿ? ಹಿಡಿದದ್ದು ಬ್ರೇಕು. ಹೋದ ತಿಂಗಳು ಅದನ್ನ ಸರಿ ಮಾಡಿದ್ದು ನಾನೇ. ನನಗೆ ನಾನೇ ಸ್ತೋತ್ರ ಹೇಳ್ಕೊಳ್ಲಾ?" ಎಂದು ಅವನು ನಕ್ಕ. "ತಮಾಷೆ ಸಾಕು. ನಿಮ್ಮ ಕೈಗೆ ಆ ಬುದ್ಧಿ ಕೊಟ್ಟಿದ್ದು ಯಾರು?" ಎಂದು ಅವಳು. "ಸರಿ, ಬ್ರೇಕು ಹಿಡೀತು, ದೇವರಿಗೆ ವಂದನೆ ಅಂತೀನಿ, ಆಯ್ತಾ? ಅಷ್ಟೇ." ಅವಳಿಗೆ ಅಷ್ಟು ಸಾಲಲಿಲ್ಲ. ನಾಲ್ಕು ಜನರೆದುರು ಗಂಡ ನಿಂತು ಮಾತಾಡುವುದು ಬದುಕಿನಲ್ಲಿ ಮೊದಲ ಸಲ, ಅದು ಚೆನ್ನಾಗಿರಬೇಕು. ಇಂಥದೇ ಒಂದು ಚೀಟಿಯ ಹಿಂಬದಿಯಲ್ಲಿ ಎಂಟು ಸಾಲು ಬರೆದುಕೊಟ್ಟಳು. ಕೊನೆಯ ಸಾಲು, "ನನ್ನ ತಲೆಯ ಒಂದು ಕೂದಲೂ ಕೊಂಕಲಿಲ್ಲ". ಅವನು ಮೈಕಿನ ಮುಂದೆ ಬೆವರುತ್ತ, ಆ ಸಾಲಿನಲ್ಲಿ ಎರಡು ಸಲ ತಡವರಿಸಿ, ಅವಳ ಕಡೆ ನೋಡಿ, ಮೂರನೆಯ ಸಲ ಸರಿಯಾಗಿ ಓದಿದ. ಸಭೆ ಹಲ್ಲೆಲೂಯ ಎಂದಿತು. ಅವಳು ಎಲ್ಲರಿಗಿಂತ ಗಟ್ಟಿಯಾಗಿ ಎಂದಳು. ಹನ್ನೊಂದು ದಿನದ ಮೇಲೆ, ಬ್ರೆಡ್ಡು ಕೊಳ್ಳಲು ಬೇಕರಿಯ ಮುಂದಿನ ಫುಟ್‌ಪಾತಿನಲ್ಲಿ ನಿಂತವನ ಮೇಲೆ ಕಾರೊಂದು ಹತ್ತಿತು. ಆರು ಮಹಡಿಯ ಮೇಲೆ ಏನೂ ಆಗದವನಿಗೆ ನೆಲದ ಮೇಲೆ ಆಯಿತು. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದವನು ಮುಖದಷ್ಟನ್ನೇ ತೋರಿಸಿ, "ತಲೆ ನೋಡೋದು ಬೇಡ ಮೇಡಂ" ಎಂದಿದ್ದ. ಅವಳು ನೋಡಲಿಲ್ಲ. ನೋಡದೇ ಇದ್ದದ್ದರಿಂದ ಏಳು ತಿಂಗಳಿಂದ ನೋಡುತ್ತಲೇ ಇದ್ದಳು. ಕೂದಲ ಮಾತು ತನ್ನದು. ಕಟ್ಟಿಕೊಟ್ಟ ಮಾತು. ಅದನ್ನು ಅವನ ಬಾಯಲ್ಲಿ ತುರುಕಿ ಮೈಕಿನಲ್ಲಿ ಹೇಳಿಸಿದ್ದಳು, ಯಾರಿಗೋ ಸವಾಲು ಹಾಕುವ ಹಾಗೆ.

ಹೂಳಿ ಬಂದ ಮೊದಲ ಭಾನುವಾರ ಪಟ್ಟಿ ಅಂಕಲ್ ಕನ್ನಡಕ ಏರಿಸಿಕೊಂಡು ದುಃಖತಪ್ತ ಸಹೋದರಿಯನ್ನು ಓದಿದರು, ಸಭೆ ನಿಟ್ಟುಸಿರಿಟ್ಟಿತು, ಹಾಳೆ ತಿರುವಿ ಸ್ತೋತ್ರದ ಪಟ್ಟಿಗೆ ಹೋದರು. ಸ್ತೋತ್ರದ ಪಟ್ಟಿಯನ್ನು ಅವರು ತಿಂಗಳಿಗೊಮ್ಮೆ ಮಾತ್ರ ಟೈಪ್ ಮಾಡುತ್ತಿದ್ದರು. ಕಾಗದ ಉಳಿಯಲಿ ಎಂದು ಅದನ್ನೇ ನಾಲ್ಕು ವಾರ ಓದುತ್ತಿದ್ದರು. "ಲಿಫ್ಟಿನ ಅಪಾಯದಿಂದ ನಮ್ಮ ಸಹೋದರನನ್ನು ಪಾರು ಮಾಡಿದ್ದಕ್ಕಾಗಿ ಕರ್ತನಿಗೆ ಸ್ತೋತ್ರ," ಎಂದು ಅದೇ ದನಿಯಲ್ಲಿ ಓದಿದರು, ಸಭೆ ಅದೇ ದನಿಯಲ್ಲಿ "ಸ್ತೋತ್ರ" ಎಂದಿತು, ಅವರು ಮುಂದಿನ ಸಾಲಿಗೆ ಹೋದರು. ಯಾರಿಗೂ ಏನೂ ಅನ್ನಿಸಲಿಲ್ಲ. ಅವಳ ಹೊಟ್ಟೆಯಾಳದಿಂದ ನಗು ಎದ್ದು ಬಂತು, ಎಂಥ ನಗು ಎಂದರೆ ಬೆಂಚು ಅಲುಗಿತು. ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಬಗ್ಗಿದಳು. ಅಳುತ್ತಿದ್ದಾಳೆ ಎಂದುಕೊಂಡು ಹಿಂದಿನವರು ಬೆನ್ನು ಸವರಿದರು. "ಅಳಲಿ ಬಿಡಿ, ಒಳ್ಳೇದು," ಎಂದರು ಯಾರೋ. ಈಗಲೂ ಬಸ್ಸಿನಲ್ಲಿ ನೆನಪಾದರೆ ನಗುವೇ ಬರುತ್ತಿತ್ತು, ನಕ್ಕು ಮುಗಿದ ಮೇಲೆ ಯಾರನ್ನಾದರೂ ಹೊಡೆಯಬೇಕೆನ್ನಿಸುತ್ತಿತ್ತು. ಯಾರನ್ನು? ಪಟ್ಟಿ ಅಂಕಲ್ ಕಾಗದ ಉಳಿಸಿದರು, ಅಷ್ಟೇ. ಆ ಕಾರಿನವನು ಮುದುಕ, ಬ್ರೇಕಿನ ಬದಲು ಇನ್ನೊಂದನ್ನು ಒತ್ತಿದ, ಕೋರ್ಟಿನ ಮೆಟ್ಟಿಲ ಮೇಲೆ ಅವಳ ಮುಂದೆ ಕೈಮುಗಿದು ಮಗುವಿನ ಹಾಗೆ ಅತ್ತ. ಹೊಡೆಯಲು ಕೈಗೆ ಸಿಗುವವರು ಒಬ್ಬರೂ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಅವಳು ಚೀಲ ಇಳಿಸಿ, ಎದುರಿಗೆ ಕೂತು, ತಾನೂ ಒಂದು ಹಿಡಿ ತೆಗೆದುಕೊಂಡಳು. ನಾಳಿನ ಸಾಕ್ಷಿಯ ಸುದ್ದಿ ಅತ್ತೆಗೆ ಆಗಲೇ ಮುಟ್ಟಿತ್ತು. ಆ ಸಭೆಯಲ್ಲಿ ಸುದ್ದಿ ಭಾನುವಾರದವರೆಗೆ ಕಾಯುವುದಿಲ್ಲ. "ಏನು ಹೇಳ್ತೀಯ?" ಎಂದರು. ಅವಳು ಚೀಟಿ ತೆಗೆದು ಓದಿದಳು. ಕರ್ತನು ಕೈಬಿಡಲಿಲ್ಲ, ಕರ್ತನು ಕಣ್ಣೀರು ಒರೆಸಿದನು, ಸಭೆಯವರ ಪ್ರೀತಿಯಿಂದ ಗಾಯ ಮಾಯಿತು. ಅತ್ತೆ ಒಂದು ಹುಳುಕು ಕಾಯನ್ನು ಎತ್ತಿ ಬೆಳಕಿಗೆ ಹಿಡಿದು, ಪಕ್ಕಕ್ಕೆ ಎಸೆದರು. "ಚೆನ್ನಾಗಿದೆ. ಯಾರದು ಇದು?"

"ಯಾರದು ಅಂದ್ರೆ? ನಂದೇ."

"ಹೌದಾ? ನಾನೆಲ್ಲೋ ಮೊಣಕಾಲಿನವರದು ಅಂದ್ಕೊಂಡೆ."

ಅವಳಿಗೆ ರೇಗಿತು. ಏಳು ತಿಂಗಳಿಂದ ಗಂಟಲಲ್ಲಿದ್ದ ಮಾತು ಹೊರಗೆ ಬಂತು. "ನೀವು ಹೇಗೆ ಹಾಡ್ತೀರಿ ಅತ್ತೆ? ಪ್ರತಿ ಭಾನುವಾರ, ಅಷ್ಟು ಗಟ್ಟಿಯಾಗಿ? ಹೆತ್ತವರು ನೀವು. ನನಗೆ ಬಾಯೇ ಬರಲ್ಲ. ನಿಮ್ಮ ಪಕ್ಕ ನಿಂತ್ಕೊಂಡು ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬರುತ್ತೆ ಗೊತ್ತಾ?" ಹೇಳಿದ ಮೇಲೆ ಹೆದರಿದಳು. ಅತ್ತೆಯ ಬೆರಳು ನಿಲ್ಲಲಿಲ್ಲ. ಸಿಪ್ಪೆ ಸೀಳಿತು, ಕಾಳು ಪಾತ್ರೆಗೆ ಬಿದ್ದವು, ಒಂದು ಕಾಳು ಹಾರಿ ಒಲೆಯ ಕೆಳಗೆ ಉರುಳಿತು. "ಗೊತ್ತು," ಎಂದರು. "ಹಾಡದೇ ಹೋದ್ರೆ ದೇವರು ನಾನು ಎದ್ದು ಹೋದೆ ಅಂದ್ಕೋತಾನೆ. ನಾನು ಎದ್ದು ಹೋಗಲ್ಲ. ನನ್ನ ಮಗನ ವಿಷಯ ಅವನ ಹತ್ರ ಕೇಳೋದಿದೆ. ಎದುರಿಗೇ ಕೂತಿರ್ತೀನಿ. ಗಟ್ಟಿಯಾಗಿ ಹಾಡ್ತೀನಿ, ಅವನಿಗೆ ಕೇಳ್ತಾ ಇರಲಿ, ಈ ಮುದುಕಿ ಇನ್ನೂ ಇಲ್ಲೇ ಇದಾಳೆ ಅಂತ." ಆಮೇಲೆ, ಬೇರೆ ಏನೋ ನೆನಪಾದವರ ಹಾಗೆ, "ಆ ಕಾಳು ತೆಗಿ, ಇರುವೆ ಬರುತ್ತೆ," ಎಂದರು. ಅವಳು ನೆಲಕ್ಕೆ ಕೆನ್ನೆಯಿಟ್ಟು ಒಲೆಯ ಕೆಳಗೆ ಕೈ ಚಾಚಿದಳು. ಕಾಳು ಸಿಗಲಿಲ್ಲ. ಅಲ್ಲೇ, ತಣ್ಣನೆಯ ನೆಲದ ಮೇಲೆ ಹಾಗೇ ಮಲಗಿದ್ದಳು, ಅತ್ತೆ ಮುಂದಿನ ಕಾಯಿ ಸುಲಿದರು.

ಭಾನುವಾರ ಸಭೆಯ ಹಾಲಿನಲ್ಲಿ ಫ್ಯಾನು ಒಂದು ರೆಕ್ಕೆ ಅಲುಗಿಸುತ್ತ ಕಟಕಟ ಎನ್ನುತ್ತಿತ್ತು. ಹಳೆಯ ಗೋದಾಮಿನ ಮೇಲಿನ ಮಹಡಿ ಅದು. ಗೋಡೆಗೆ ಎಷ್ಟು ಸುಣ್ಣ ಹೊಡೆದರೂ ಗೋಣಿಯ ವಾಸನೆ ಹೋಗಿರಲಿಲ್ಲ. ಪಟ್ಟಿ ಅಂಕಲ್ ಮೈಕನ್ನು ಎರಡು ಸಲ ತಟ್ಟಿ, "ಈಗ ನಮ್ಮ ದುಃಖತಪ್ತ ಸಹೋದರಿ ಆದರಣೆಯ ಸಾಕ್ಷಿ ಕೊಡುತ್ತಾರೆ," ಎಂದರು. ಪಾಸ್ಟರಮ್ಮ, ಹೊಸ ಕಡ್ಡಿಯ ಕನ್ನಡಕದೊಳಗಿಂದ, ಮಗುವಿಗೆ ಧೈರ್ಯ ಹೇಳುವವರ ಹಾಗೆ ತಲೆಯಾಡಿಸಿದರು. ಚೀಟಿ ಅವಳ ಅಂಗೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ಬೆಂಚಿನಿಂದ ಮೈಕಿಗೆ ಇಪ್ಪತ್ತು ಹೆಜ್ಜೆ. ಓದಿಬಿಡುತ್ತೇನೆ, ಎಂದುಕೊಂಡಳು, ಓದಿ ಮುಗಿಸಿ ಮುಂದಿನ ವಾರದಿಂದ ಎಲ್ಲರ ಹಾಗೆ ಇರುತ್ತೇನೆ. ಆಗಲೇ, ಯಾಕೋ, ಅಜ್ಜಿ ನೆನಪಾದಳು. ನೆನಪಾದದ್ದು ಮುಖವಲ್ಲ, ಬೈಬಲಿನ ಕಥೆ ಹೇಳುತ್ತಿದ್ದ ದನಿ. ಒಂದೂರಲ್ಲಿ ಇಬ್ಬರು ಅಕ್ಕತಂಗಿಯರು, ಅವರಿಗೆ ಒಬ್ಬನೇ ತಮ್ಮ, ತಮ್ಮನಿಗೆ ಜ್ವರ. ಕರ್ತನಿಗೆ ಹೇಳಿ ಕಳಿಸಿದರು. ಕರ್ತ ಬರಲಿಲ್ಲ. ತಮ್ಮ ಸತ್ತ, ಹೂಳಿದರು, ನಾಲ್ಕು ದಿನ ಆಯಿತು, ಆಮೇಲೆ ಕರ್ತ ಧೂಳಿನ ದಾರಿಯಲ್ಲಿ ನಿಧಾನಕ್ಕೆ ನಡೆದುಕೊಂಡು ಬಂದ. ಅಜ್ಜಿಯ ಕಥೆಯಲ್ಲಿ ಅಕ್ಕ ಕೈಯ ಹಿಟ್ಟು ಕೂಡ ತೊಳೆಯದೆ ಊರ ಬಾಗಿಲಿಗೆ ಓಡುತ್ತಿದ್ದಳು, ಸೊಂಟದ ಮೇಲೆ ಕೈಯಿಟ್ಟು ದಾರಿಗೆ ಅಡ್ಡ ನಿಲ್ಲುತ್ತಿದ್ದಳು. "ಈಗ ಬಂದ್ಯಾ ಮಹರಾಯ? ಮೊದಲೇ ಬಂದಿದ್ರೆ ನನ್ನ ತಮ್ಮ ಸಾಯ್ತಿದ್ನಾ?" ಇದನ್ನು ಹೇಳುವಾಗ ಅಜ್ಜಿಯ ದನಿ ಏರುತ್ತಿತ್ತು, ಕಥೆ ಹೇಳುವವಳ ದನಿಯಾಗಿ ಉಳಿಯುತ್ತಿರಲಿಲ್ಲ. "ಅವನಿಗೆ ಸಿಟ್ಟು ಬರಲಿಲ್ವಾ ಅಜ್ಜಿ?" "ಯಾಕೆ ಬರಬೇಕು? ತಡ ಮಾಡಿದ್ದು ಅವನಲ್ವಾ? ನಿಂತ್ಕೊಂಡು ಬೈಸ್ಕೊಂಡ. ಎಲ್ಲಿ ಇಟ್ಟಿದೀರಿ ತೋರಿಸಿ ಅಂದ. ಆಮೇಲೆ ಅವನೂ ಅತ್ತ." ಅವಳಿಗೆ ಆಗ ಬೇಕಿದ್ದದ್ದು ಸತ್ತ ತಮ್ಮ ಎದ್ದು ಬರುವ ಭಾಗ. "ಮುಂದೆ ಹೇಳು, ಮುಂದೆ ಹೇಳು" ಎಂದು ಅಜ್ಜಿಯ ಮೊಣಕಾಲು ಅಲ್ಲಾಡಿಸುತ್ತಿದ್ದಳು. ಅಜ್ಜಿಗೆ ಮುಂದೆ ಹೋಗಲು ಅವಸರವೇ ಇರುತ್ತಿರಲಿಲ್ಲ, ಬೈಗುಳದಲ್ಲೇ ಕೂತುಬಿಡುತ್ತಿದ್ದಳು, ಪ್ರತಿ ಸಲ ಒಂದೊಂದು ಹೊಸ ಬೈಗುಳ ಸೇರಿಸುತ್ತಿದ್ದಳು. ಅಜ್ಜಿ ತನ್ನ ಇಬ್ಬರು ಮಕ್ಕಳನ್ನು ಒಂದೇ ವಾರದಲ್ಲಿ ಹೂಳಿದವಳು ಎಂದು ಅವಳಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮೈಕು ಅವಳ ಗಲ್ಲದ ಎತ್ತರಕ್ಕಿತ್ತು. ಚೀಟಿ ಬಿಡಿಸಿದಳು. ಅಕ್ಷರಗಳು ದುಂಡಗೆ, ಅಂದವಾಗಿದ್ದವು. "ಪ್ರಿಯ ಸಭೆಯವರೇ," ಎಂದು ಶುರುಮಾಡಿ ನಿಂತಳು. "ನನಗೆ ಆದರಣೆ ಆಗಿಲ್ಲ."

"ಸ್ತೋತ್ರ!" ಎಂದರು ಹಿಂದಿನ ಸಾಲಿನಿಂದ ಯಾರೋ, ಅಭ್ಯಾಸ ಬಲ. ಆಮೇಲೆ ಕೆಮ್ಮಿದರು. ಫ್ಯಾನು ಕಟಕಟ ಎಂದಿತು.

"ಈ ಚೀಟಿಯಲ್ಲಿ ಆಗಿದೆ ಅಂತ ಬರ್ಕೊಂಡು ಬಂದಿದೀನಿ. ಹೋದ ಸಲ ನನ್ನ ಯಜಮಾನರು ಓದಿದ್ದನ್ನೂ ನಾನೇ ಬರ್ಕೊಟ್ಟಿದ್ದೆ. ಕೂದಲೂ ಕೊಂಕಲಿಲ್ಲ ಅನ್ನೋ ಮಾತು ನಂದು. ಅವರು ಬ್ರೇಕು ಹಿಡೀತು, ದೇವರಿಗೆ ವಂದನೆ, ಅಷ್ಟು ಮಾತ್ರ ಹೇಳೋಣ ಅಂದಿದ್ರು. ಅಷ್ಟೇ ಹೇಳೋಕೆ ಬಿಡಬೇಕಿತ್ತು." ದನಿ ಒಡೆಯುತ್ತದೆ ಎಂದುಕೊಂಡಳು, ಒಡೆಯಲಿಲ್ಲ, ಬದಲಿಗೆ ಅಂಗಡಿಯಲ್ಲಿ ಮುದುಕನ ಮೇಲೆ ರೇಗಿದ ದನಿಯೇ ಬಂತು. "ಏಳು ತಿಂಗಳಿಂದ ನನಗೆ ಸಿಟ್ಟಿದೆ. ನಿಮ್ಮ ಮೇಲಲ್ಲ. ಸರಿ, ನಿಮ್ಮ ಮೇಲೂ ಸ್ವಲ್ಪ ಇದೆ. ಆದ್ರೆ ಮುಖ್ಯ ಅವನ ಮೇಲೆ. ಲಿಫ್ಟಿಗೆ ಬಂದವನು ಬೇಕರಿಗೆ ಯಾಕೆ ಬರಲಿಲ್ಲ? ಎಲ್ಲಿದ್ದ? ಇಷ್ಟು ತಡ ಯಾಕೆ?" ಪಾಸ್ಟರ್ ಕುರ್ಚಿಯ ತುದಿಗೆ ಸರಿದಿದ್ದರು, ಎದ್ದು ಬಂದು ಕೈಹಿಡಿದು ಕರೆದುಕೊಂಡು ಹೋಗಬೇಕೋ ಬೇಡವೋ ತಿಳಿಯದೆ. ಅವಳು ಅವರಿಗೆ ಅವಕಾಶ ಕೊಡದೆ ಮುಂದುವರಿಸಿದಳು. "ಈಗ ಇಲ್ಲಿಗೆ ನಡ್ಕೊಂಡು ಬರ್ತಾ ಒಂದು ಹೊಳೀತು. ಬರೋದೇ ಇಲ್ಲ ಅಂತ ಗೊತ್ತಿರೋರನ್ನ ಯಾರೂ ತಡ ಆಯ್ತು ಅಂತ ಬಯ್ಯಲ್ಲ. ನಾನು ಬಯ್ತಾನೇ ಇದೀನಿ. ಅಂದ್ರೆ ಇನ್ನೂ ಕಾಯ್ತಿದೀನಿ ಅಂತ ಕಾಣುತ್ತೆ. ಅವನು ಬರ್ತಾನೆ, ಎಲ್ಲಿ ಇಟ್ಟಿದೀರಿ ಅಂತ ಕೇಳ್ತಾನೆ, ನಾನು ಕರ್ಕೊಂಡು ಹೋಗಿ ತೋರಿಸ್ತೀನಿ, ಅವನು ಎಬ್ಬಿಸ್ತಾನೆ. ಇದನ್ನ ನಂಬ್ತೀನಾ ಅಂತ ನೀವು ಕೇಳಿದ್ರೆ, ನನಗೆ ಬೇರೆ ಏನನ್ನೂ ನಂಬೋಕಾಗ್ತಿಲ್ಲ. ಅಷ್ಟೇ ನನ್ನ ಹತ್ರ ಇರೋದು. ನನ್ನ ಹೆಸರು ಪಟ್ಟಿಯಲ್ಲೇ ಇರಲಿ ಅಂಕಲ್. ತೆಗೀಬೇಡಿ."

ಪಟ್ಟಿ ಅಂಕಲ್ ಗಾಬರಿಯಲ್ಲಿ ಜೇಬಿನಿಂದ ಪೆನ್ನು ತೆಗೆದು, ಆಗಲೇ ಗೀಟು ಹಾಕಿದ್ದ ಹೆಸರನ್ನು ಅದರ ಪಕ್ಕದಲ್ಲೇ ಮತ್ತೆ ಬರೆದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಪ್ಪತ್ತು ಹೆಜ್ಜೆ ವಾಪಸು ನಡೆಯುವಾಗ ಅವಳಿಗೆ ನಾಚಿಕೆಯಾಯಿತು. ಈಗ ಎಲ್ಲರೂ ಕೈಹಿಡಿದು ಏನು ಕೇಳುತ್ತಾರೋ ಎಂದು ಈಗಲೇ ದಣಿವಾಯಿತು. ಏನೂ ಸರಿಹೋಗಿರಲಿಲ್ಲ. ಬೇಕರಿಯ ಮುಂದಿನ ಫುಟ್‌ಪಾತು ಅಲ್ಲೇ ಇತ್ತು, ನಾಳೆ ಬಸ್ಸು ಅದರ ಮುಂದೆಯೇ ಹಾದುಹೋಗುತ್ತದೆ. ಆದರೆ ಸಿಟ್ಟಿಗೆ ಈಗ ಒಂದು ದಿಕ್ಕು ಇತ್ತು, ಮುಖವಿಟ್ಟು ಕೂರುವುದಕ್ಕೆ ಒಂದು ಕಡೆ ಇತ್ತು. ಅತ್ತೆ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. "ಇಷ್ಟು ಹೊತ್ತು ಬೇಕಿತ್ತಾ ಇದಕ್ಕೆ?" ಎಂದು ಪಿಸುಗುಟ್ಟಿದರು, ಏಳು ತಿಂಗಳನ್ನೋ ಈ ಐದು ನಿಮಿಷವನ್ನೋ ತಿಳಿಯಲಿಲ್ಲ.

ಏನು ಮಾಡಬೇಕೆಂದು ತೋಚದಾಗ ಎಲ್ಲ ಪಾಸ್ಟರುಗಳೂ ಮಾಡುವುದನ್ನೇ ಅವರ ಪಾಸ್ಟರೂ ಮಾಡಿದರು. ಎದ್ದು ನಿಂತು, "ಹಾಡೋಣ" ಎಂದರು. ಬೆಂಚುಗಳು ಕಿರುಗುಟ್ಟಿ ಎಲ್ಲರೂ ಎದ್ದರು. ಹಾಡಿನ ತುಂಬ ವಂದನೆಯೇ. ಕೊಟ್ಟದ್ದಕ್ಕೆ ವಂದನೆ, ಕಾಪಾಡಿದ್ದಕ್ಕೆ ವಂದನೆ. ಅತ್ತೆ ತಲೆಯೆತ್ತಿ ಶುರುಮಾಡಿದರು. ಅವಳು ಪುಸ್ತಕದ ಅರ್ಧ ಹಿಡಿದುಕೊಂಡು ಬಾಯಿ ಮುಚ್ಚಿ ನಿಂತಳು. ಮೊದಲ ಚರಣದಲ್ಲಿ ಅವಳು ಹೇಳಬಹುದಾದ ಮಾತು ಒಂದೂ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ, ಬೆರಳಿಟ್ಟು ಸಾಲುಸಾಲಾಗಿ ಹುಡುಕಿದಳು. ಮೂರನೆಯದರ ಕೊನೆಗೆ, ಮಾತ್ರೆ ತುಂಬಲೆಂದು ಯಾರೋ ಸೇರಿಸಿದ ಹಾಗೆ, "ಬಾ, ಬೇಗ ಬಾ" ಎಂದಿತ್ತು. ಅಷ್ಟನ್ನು ಹಾಡಿದಳು. ಹಾಡಿದಳು ಎನ್ನುವುದಕ್ಕಿಂತ ಗದರಿದಳು. ಏಳು ತಿಂಗಳಿಂದ ಬಳಸದ ಗಂಟಲು ಕರಕರ ಎಂದಿತು, ಮುಂದಿನ ಬೆಂಚಿನ ಮೂರು ತಲೆಗಳು ಈ ಸಲ ಪೂರ್ತಿಯಾಗಿ ತಿರುಗಿದವು.

"ಶ್ರುತಿ ಹೋಯ್ತು," ಎಂದರು ಅತ್ತೆ, ಹಾಡಿನ ನಡುವೆಯೇ.

"ಹೋಗಲಿ," ಎಂದಳು ಅವಳು, ಮತ್ತೆ ಆ ಸಾಲು ಯಾವಾಗ ಬರುತ್ತದೆಂದು ಕಾಯುತ್ತ.